ಆರು ತಾಸು ಮುಗಿದ ಮೇಲೆ

ತಂಗೀ,

ಮೊನ್ನೆ ಫೋನು ಎತ್ತಿದ ಕೂಡಲೆ, ಊಟ ಆಯಿತೇ ಎಂದು ಸಹ ಕೇಳದೆ ನೀನು ಕೇಳಿದ್ದು ಒಂದೇ ಮಾತು: "ಚಿಗವ್ವಾ, ಆ ಕೆಂಪು ಕೌದಿ ಇನ್ನೂ ಐತೇನು?"

ಐತಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಹೀರಿಕೊಂಡು ಮಲಗಿತ್ತು. ಇಳಿಸಿ ಬಿಸಿಲಿಗೆ ಹಾಕಿದ್ದೇನೆ. ನಮ್ಮವ್ವನ ಎರಡು ಇಳಕಲ್ ಸೀರೆ, ಅಪ್ಪನ ಹಳೇ ಧೋತರ, ನಡುವೆ ನಿನ್ನ ಕೂಸುತನದ ಕುಂಚಿಗೆ, ಮೇಲೆ ಅಲ್ಲಲ್ಲಿ ಗುಳೇದಗುಡ್ಡದ ಖಣದ ತುಂಡು. ಒಂದು ಮೂಲೆಯನ್ನು ಇಲಿ ಕಡಿದಿದೆ. ಉಳಿದದ್ದೆಲ್ಲ ಗಟ್ಟಿ.

ಆಮೇಲೆ ನೀನು ಉಳಿದ ಕತೆ ಹೇಳಿದೆ. ಪೋರ್ಟ್‌ಲ್ಯಾಂಡಿನಲ್ಲಿ ಪರವಾನಗಿ ಇರುವ ಕೇಂದ್ರವೊಂದಕ್ಕೆ ಹೋಗಿ, ಅಣಬೆಯ ಪುಡಿ ತೆಗೆದುಕೊಂಡು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆರು ತಾಸು ಮಲಗಿದ್ದೆ ಎಂದು. ಆ ಕತ್ತಲಲ್ಲಿ ಮೊದಲು ಕಂಡದ್ದು ಕೌದಿ, ಆಮೇಲೆ ಕೇಳಿಸಿದ್ದು ಅಂಗಳದಲ್ಲಿ ಸ್ಕೂಟರಿನ ಸ್ಟ್ಯಾಂಡ್ ಹಾಕುವ ಸದ್ದು ಎಂದು. 30 ವರ್ಷದ ಹಿಂದಿನ ಸದ್ದು. ಈಗಿರುವ ಹಿಲ್ಸ್‌ಬರೋದಲ್ಲಿ ಪಕ್ಕದ ಮನೆಯವರ ಗ್ಯಾರೇಜಿನ ಬಾಗಿಲು ರಾತ್ರಿ ಗಡಗಡ ಅಂದರೆ ಇವತ್ತಿಗೂ ಹೊಟ್ಟೆ ಹಿಡಿದುಕೊಳ್ಳುತ್ತದೆ ಅಂದೆ.

ನಾನು ಹೆಚ್ಚು ಮಾತಾಡಲಿಲ್ಲ. ಸಿಟ್ಟಿಗೇನೂ ಅಲ್ಲ. 34 ವರ್ಷ ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿ ಕಳೆದವಳು ನಾನು. ಎದುರಿನವರು ಬಾಯಿ ಬಿಟ್ಟಾಗ ನಾವು ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದನ್ನು ಅಲ್ಲಿ ಕಲಿತೆ. ಹೇಳಬೇಕಾದದ್ದನ್ನು ಈಗ ಕಾಗದದಲ್ಲಿ ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲಿ ಯಾಕೆ ಬೇಡ ಅನ್ನುವುದಕ್ಕೂ ಕಾರಣವಿದೆ.

ನಿಷ್ಠುರದ ಮಾತನ್ನು ಮೊದಲೇ ಮುಗಿಸಿಬಿಡೋಣ. ಒರೆಗಾನ್ ರಾಜ್ಯದ ಜನ 2020ರ ನವೆಂಬರಿನಲ್ಲಿ ಮತ ಹಾಕಿ ಇದಕ್ಕೆ ದಾರಿ ಮಾಡಿದರು, 2023ರಲ್ಲಿ ಕೇಂದ್ರಗಳು ತೆರೆದವು, 21 ತುಂಬಿದವರು ವೈದ್ಯರ ಚೀಟಿ ಇಲ್ಲದೆಯೂ ಹೋಗಬಹುದು. ಎಲ್ಲ ಸರಿ. ಆದರೆ ಅದು ರಾಜ್ಯದ ಕಾನೂನು. ಅಮೆರಿಕ ದೇಶದ ಕಾನೂನಿನಲ್ಲಿ ಅಣಬೆಯೊಳಗಿನ ಸೈಲೋಸಿಬಿನ್ ಇನ್ನೂ ನಿಷಿದ್ಧ ವಸ್ತುಗಳ ಪಟ್ಟಿಯಲ್ಲೇ ಇದೆ. ನಿನ್ನ ವೀಸಾ, ನಿನ್ನ ಗ್ರೀನ್ ಕಾರ್ಡಿನ ಸರದಿ, ಎರಡೂ ಇರುವುದು ದೇಶದ ಕಾನೂನಿನ ಕೈಯಲ್ಲಿ. ಅಲ್ಲಿನ ಪ್ರಜೆಯಲ್ಲದವರು "ಹೌದು, ತಗೊಂಡಿದ್ದೆ" ಎಂದು ಒಪ್ಪಿಕೊಂಡರೂ ಸಾಕು, ಮುಂದೆ ತೊಡಕಾಗಬಹುದು. ಗೆಳತಿಯರ ಗ್ರೂಪಿನಲ್ಲಿ ಬರೆಯುವ ಮೊದಲು, ಇನ್ನೊಮ್ಮೆ ಹೋಗುವ ಯೋಚನೆ ಮಾಡುವ ಮೊದಲು, ವಲಸೆ ಕಾನೂನು ಬಲ್ಲ ವಕೀಲರ ಹತ್ತಿರ ಒಂದು ತಾಸು ಕೂತು ಬಾ.

ಇನ್ನೊಂದು ವಿಷಯ ನಮ್ಮ ಮನೆತನದ್ದು, ನಿನಗೆ ಗೊತ್ತಿಲ್ಲದ್ದು. ನಮ್ಮ ಸೋದರಮಾವನಿಗೆ ಇಪ್ಪತ್ತೆರಡನೇ ವಯಸ್ಸಿಗೆ ಬುದ್ಧಿಭ್ರಮಣೆಯಾಗಿತ್ತು. ತಿಂಗಳುಗಟ್ಟಲೆ ನಿದ್ದೆಯಿಲ್ಲ, ಗೋಡೆಯ ಕಡೆ ಮುಖ ಮಾಡಿ ಯಾರಿಗೋ ಉತ್ತರ ಕೊಡುತ್ತ ಕೂರುತ್ತಿದ್ದ. ಮನೆಯಲ್ಲಿ ಅದನ್ನು "ಗಾಳಿ ಬಡಿದಿತ್ತು" ಎಂದು ಮುಚ್ಚಿಟ್ಟರು. ಸೈಕೋಸಿಸ್, ಬೈಪೋಲಾರ್ ಇಂಥವು ರಕ್ತಸಂಬಂಧದಲ್ಲಿ ಇದ್ದರೆ ಈ ಅಣಬೆ, ಎಲ್‌ಎಸ್‌ಡಿ ಇಂಥವುಗಳಿಂದ ದೂರ ಇರಬೇಕು ಎಂದು ಅಧ್ಯಯನ ಮಾಡುವವರೇ ಹೇಳುತ್ತಾರೆ, ಅಂಥವರನ್ನು ತಮ್ಮ ಪ್ರಯೋಗಗಳಿಗೆ ಸೇರಿಸಿಕೊಳ್ಳುವುದೂ ಇಲ್ಲ. ಸ್ವತಃ ಸೈಕೋಸಿಸ್ ಆಗಿದ್ದವರನ್ನು, ಕಳೆದ 30 ದಿನಗಳಲ್ಲಿ ಲಿಥಿಯಂ ಗುಳಿಗೆ ತೆಗೆದುಕೊಂಡವರನ್ನು ನಿನ್ನ ಒರೆಗಾನಿನ ನಿಯಮವೂ ಒಳಗೆ ಬಿಡುವುದಿಲ್ಲ. ಈ ಸಲ ನಿನಗೆ ಏನೂ ಆಗಲಿಲ್ಲ, ದೊಡ್ಡದು. ಮನೆಯ ಗುಟ್ಟು ಈಗ ನಿನ್ನ ಕೈಗೆ ಕೊಟ್ಟಿದ್ದೇನೆ. ವೈದ್ಯರಿಗೆ ಹೇಳು. ಅವರು ಕೊಟ್ಟಿರುವ ಖಿನ್ನತೆಯ ಗುಳಿಗೆಯನ್ನು ನಿನ್ನ ಮನಸ್ಸಿಗೆ ಬಂದಂತೆ ನಿಲ್ಲಿಸಬೇಡ.

ಇಷ್ಟೇ ನಿಷ್ಠುರ. ಇನ್ನು ಕಿವಿಮಾತು.

ನೀನು ಕಳಿಸಿದ ಲೇಖನಗಳನ್ನು ನಿನ್ನ ತಮ್ಮನಿಂದ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಓದಿದೆ. ಒಂದು ಲೆಕ್ಕ ನನ್ನನ್ನು ಹಿಡಿದು ನಿಲ್ಲಿಸಿತು. 2021ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದದ್ದು, ನಿನ್ನ ಅಣಬೆಯದಲ್ಲ, ಎಂಡಿಎಂಎ ಎಂಬ ಇನ್ನೊಂದು ಮದ್ದಿನದು. ತೀವ್ರ ಪಿಟಿಎಸ್‌ಡಿಯಿಂದ, ಅಂದರೆ ಹಳೇ ಆಘಾತ ಬಿಡದೆ ಕಾಡುವ ಕಾಯಿಲೆಯಿಂದ, ನರಳುತ್ತಿದ್ದ 90 ಜನ. ಅರ್ಧ ಜನಕ್ಕೆ ಮದ್ದು, ಉಳಿದವರಿಗೆ ಏನೂ ಇಲ್ಲದ ಸಪ್ಪೆ ಗುಳಿಗೆ. ಮಾತಿನ ಚಿಕಿತ್ಸೆ ಮಾತ್ರ ಎಲ್ಲರಿಗೂ ಒಂದೇ ಸಮ: ಮೊದಲು ಮೂರು ಸಲ ಸಿದ್ಧತೆ, ಆಮೇಲೆ ಇಡೀ ದಿನದ ಮೂರು ಕೂಟ, ಪ್ರತಿ ಕೂಟದ ನಂತರ ಮತ್ತೆ ಮೂರು ಮೂರು ಸಲ ಕೂತು, ಕಂಡದ್ದನ್ನು ಬಿಡಿಸಿಕೊಳ್ಳುವ ಮಾತು. ಕೊನೆಗೆ ಮದ್ದು ತೆಗೆದುಕೊಂಡವರಲ್ಲಿ ನೂರಕ್ಕೆ 67 ಮಂದಿಗೆ ಆ ಕಾಯಿಲೆಯ ಹೆಸರು ಹೊಂದದಷ್ಟು ಗುಣ ಕಂಡಿತ್ತು. ಎಲ್ಲರೂ ಎತ್ತಿ ಹೇಳುವುದು ಈ 67ನ್ನೇ. ನನ್ನ ಕಣ್ಣು ಹೋದದ್ದು ಅದರ ಪಕ್ಕದ ಅಂಕಿಗೆ. ಸಪ್ಪೆ ಗುಳಿಗೆ ನುಂಗಿದವರಲ್ಲೂ ನೂರಕ್ಕೆ 32 ಮಂದಿ ಹಾಗೇ ಹೊರಬಂದಿದ್ದರು. ಮೂವರಲ್ಲಿ ಒಬ್ಬರು!

ಕಾಲ ಕಳೆದದ್ದೂ ಕಾರಣವಿರಬಹುದು. ಆದರೆ ಇಬ್ಬರು ಮನುಷ್ಯರು ಎದುರಿಗೆ ಕೂತು, ಗಡಿಯಾರ ನೋಡದೆ, ಮತ್ತೆ ಮತ್ತೆ ಕರೆದು ಕೇಳಿಸಿಕೊಂಡದ್ದು ಸುಮ್ಮನೆ ಹೋಗಿರಲಾರದು. ವಾರ್ಡಿನಲ್ಲಿ ನಾನು ಕಂಡದ್ದೂ ಇದೇ. ಅಂದಮೇಲೆ ಆ ಆರು ತಾಸಿಗೆ ಎಷ್ಟು ಬೆಲೆ ಕೊಡುತ್ತೀಯೋ, ಅದರ ಹಿಂದುಮುಂದಿನ ಬಡ ದಿನಗಳಿಗೂ ಅಷ್ಟು ಕೊಡು. ಮದ್ದಿನ ಬಗ್ಗೆ ತೀರ್ಪು ಇನ್ನೂ ಬಂದಿಲ್ಲ ಅನ್ನುವುದೂ ನೆನಪಿರಲಿ. ಆಸ್ಟ್ರೇಲಿಯಾ 2023ರ ಜುಲೈ 1ರಿಂದ ವಿಶೇಷ ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ ಎಂಡಿಎಂಎ, ಸೈಲೋಸಿಬಿನ್ ಎರಡನ್ನೂ ಬರೆದುಕೊಡಲು ಬಿಟ್ಟಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಆಗಸ್ಟಿನಲ್ಲಿ ಎಂಡಿಎಂಎ ಅರ್ಜಿಗೆ ಒಪ್ಪಿಗೆ ಕೊಡದೆ, ಇನ್ನೊಂದು ದೊಡ್ಡ ಅಧ್ಯಯನ ಮಾಡಿಕೊಂಡು ಬನ್ನಿ ಎಂದು ಕಳಿಸಿತು.

ನನ್ನ ಮೊದಲ ಕಿವಿಮಾತು: ಕಂಡದ್ದೆಲ್ಲ ನಡೆದದ್ದಲ್ಲ.

ನೀನು ಹೇಳಿದೆ: ಸ್ಕೂಟರಿನ ಸದ್ದಾಯಿತು, ಆಯಿ ಬಂದು ನಡುಮನೆಯ ಬಾಗಿಲಿಗೆ ಅಡ್ಡ ನಿಂತಳು, ಅಪ್ಪ ಒಳಗೆ ಬರಲಿಲ್ಲ ಎಂದು. ಹೇಳುವಾಗ ನಿನ್ನ ದನಿಯಲ್ಲಿ ಎಂಥ ನೆಮ್ಮದಿ ಇತ್ತು! ನನಗೆ ಗಂಟಲು ಕಟ್ಟಿತು. ತಂಗೀ, ನಿನಗೆ ನಾಲ್ಕು ತುಂಬುವ ಮೊದಲೇ ನಮ್ಮವ್ವ, ನಿನ್ನ ಆಯಿ, ತೀರಿಕೊಂಡಿದ್ದಳು. ನೀನು ನೆನಪಿಟ್ಟಿರುವ ಆ ರಾತ್ರಿ ನಿನಗೆ ಆರು. ಸದ್ದು ನಿಜ, ಕೌದಿ ನಿಜ, ಹೆದರಿಕೆ ನಿಜ. ಬಾಗಿಲಿಗೆ ಅಡ್ಡ ನಿಂತವರು ಮಾತ್ರ ಯಾರೂ ಇರಲಿಲ್ಲ.

ಇದರಿಂದ ನಿನ್ನ ಕಾಣ್ಕೆ ಸುಳ್ಳಾಯಿತು ಎಂದುಕೊಳ್ಳಬೇಡ. ಯಾರಾದರೂ ತಡೆಯಬೇಕಿತ್ತು ಎಂದು ಆ ಕೂಸು ಕಾದಿತ್ತಲ್ಲ, ಆ ಕಾಯುವಿಕೆ ರೂಪ ತಳೆದು ಬಂದಿದೆ. ಅದನ್ನು ಕನಸಿನ ಹಾಗೆ ಓದು, ಪಂಚನಾಮೆಯ ಹಾಗೆ ಓದಬೇಡ. ಈ ಮದ್ದುಗಳು ಕೊಡುವ ಖಾತ್ರಿ ಬಹಳ ದೊಡ್ಡದು. "ನನಗೆ ಎಲ್ಲ ತಿಳಿದುಬಿಟ್ಟಿತು" ಅನ್ನಿಸುತ್ತದೆ. ಆ ಖಾತ್ರಿಯ ಕಾವಿನಲ್ಲಿ ಕೆಲಸ ಬಿಟ್ಟವರು, ಗಂಡನನ್ನು ಬಿಟ್ಟವರು, ಊರಿಗೆ ಫೋನು ಮಾಡಿ ಕೂಗಾಡಿದವರು ಇದ್ದಾರೆ. ನಿನ್ನ ಅಪ್ಪನಿಗೆ ಈಗ 76. ಕುಡಿತ ಬಿಟ್ಟು ಹತ್ತು ವರ್ಷವಾಯಿತು, ಮಂಡಿಯೂ ಹೋಗಿದೆ. ಅವನಿಗೆ ನೀನು ಏನೂ ಹೇಳಕೂಡದು ಎಂದು ನಾನು ಹೇಳುವುದಿಲ್ಲ. ಹೇಳುವ ಹಕ್ಕು ನಿನ್ನದು. ಮೂರು ಅಮಾವಾಸ್ಯೆ ಕಳೆಯಲಿ. ಆಗಲೂ ಹೇಳಬೇಕು ಅನ್ನಿಸಿದರೆ ಬಾ, ಪಕ್ಕದಲ್ಲಿ ನಾನು ಕೂರುತ್ತೇನೆ.

ಎರಡನೆಯದು: ಕೈಗೆ ಕೆಲಸ ಕೊಡು.

ಬಾಯಿಗೆ ಬಾರದ್ದು ಕೈಗೆ ಬರುತ್ತದೆ. ಒಳಗಿನ ಗಾಯಕ್ಕೆ ಮಾತು ಕಡಿಮೆ, ಮೈ ಜಾಸ್ತಿ. ಹೊಟ್ಟೆ ಹಿಡಿಯುವುದು, ಭುಜ ಬಿಗಿಯುವುದು, ಸದ್ದಿಗೆ ಬೆಚ್ಚುವುದು ಇವೆಲ್ಲ ಮೈಯ ಭಾಷೆ. ಅದಕ್ಕೆ ಉತ್ತರವನ್ನೂ ಮೈಯಿಂದಲೇ ಕೊಡಬೇಕಾಗುತ್ತದೆ.

ಬರೆಯುವುದಾದರೆ ಹೀಗೆ ಬರೆ. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಕಾಲೇಜು ಹುಡುಗರಿಂದ ದಿನಕ್ಕೆ 15 ನಿಮಿಷ, ನಾಲ್ಕು ದಿನ, ತಮ್ಮ ಬದುಕಿನ ಅತಿ ಕಹಿ ಸಂಗತಿಯನ್ನು ಬರೆಸಿದ. ಬರೆದ ದಿನ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಮುಂದಿನ ತಿಂಗಳುಗಳಲ್ಲಿ ಮಾತ್ರ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಉಳಿದವರಿಗಿಂತ ಕಡಿಮೆ. ಅದಕ್ಕೇ ಹೇಳುತ್ತೇನೆ, ಬರೆದ ಕೂಡಲೆ ಹಗುರವಾಗಬೇಕು ಎಂದು ಕಾಯಬೇಡ. ಗಡಿಯಾರ ಇಟ್ಟುಕೋ, 15 ನಿಮಿಷಕ್ಕೆ ಎದ್ದುಬಿಡು, ಎದ್ದು ಒಂದು ಚಹಾ ಮಾಡಿಕೊಂಡು ಕುಡಿ. ಯಾರಿಗೂ ತೋರಿಸಬೇಡ, ಬೇಕಾದರೆ ಹರಿದು ಹಾಕು. ಮತ್ತೆ, ಕನ್ನಡದಲ್ಲಿ ಬರೆ. ಫೋನಿನಲ್ಲಿ ನೀನು ಇಡೀ ಕತೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ, ಯಾರದೋ ಕೇಸ್ ಪೇಪರ್ ಓದಿದ ಹಾಗೆ. ಕೌದಿಯ ಮಾತು ಬಂದಾಗ ಮಾತ್ರ "ಐತೇನು" ಎಂದೆ. ನಿನಗೆ ಪೆಟ್ಟು ಬಿದ್ದದ್ದು ಧಾರವಾಡದ ಕನ್ನಡದಲ್ಲಿ. ಆ ಕೂಸಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಅದರ ಹತ್ತಿರ ಮಾತಾಡಬೇಕಾದರೆ ಅದರ ಮಾತಿನಲ್ಲೇ ಆಡಬೇಕು.

ಬರಹ ಒಗ್ಗದ ದಿನ ಗೆರೆ ಎಳೆ. ಕಾರ್ಲ್ ಯೂಂಗ್ ಹೆಸರು ನೀನೇ ನನಗೆ ಹೇಳಿದ್ದು. ಅವನು ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ, ಸೈನ್ಯದ ಕೆಲಸದಲ್ಲಿದ್ದಾಗ, ಪ್ರತಿ ಬೆಳಗ್ಗೆ ನೋಟುಪುಸ್ತಕದಲ್ಲಿ ಒಂದು ಸಣ್ಣ ವೃತ್ತಾಕಾರದ ಚಿತ್ರ ಬರೆದು, ತನ್ನ ಒಳಗು ಇವತ್ತು ಹೇಗಿದೆ ಎಂದು ಅದರಲ್ಲಿ ನೋಡಿಕೊಳ್ಳುತ್ತಿದ್ದನಂತೆ. ಅಣಬೆಯಂಥ ಸೈಕಡೆಲಿಕ್ ಮದ್ದು ಕೊಡುವ ಮಂದಿಯೂ ಕೂಟ ಮುಗಿದ ಮೇಲೆ ಬಣ್ಣ ಕೊಟ್ಟು ಮಂಡಲ ಬರೆಸುತ್ತಾರೆ. ಓದಿ ನನಗೆ ನಗು ಬಂತು. ನಿಮ್ಮವ್ವ, ನನ್ನ ಅಕ್ಕ, ಎಷ್ಟೋ ವರ್ಷ ಬೆಳಗಿನ ಐದಕ್ಕೆ ಎದ್ದು ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕುತ್ತಿದ್ದುದು ಏನಾಗಿತ್ತು? ರಾತ್ರಿ ಏನೇ ನಡೆದಿರಲಿ, ಬೆಳಗ್ಗೆ ಹದಿನೈದು ಚುಕ್ಕಿಯ ರಂಗೋಲಿ ತಪ್ಪುತ್ತಿರಲಿಲ್ಲ. ನಡುವೆ ಒಂದು ಗೆರೆ ತಪ್ಪಿದರೆ ಬೆರಳಿನಿಂದ ಒರೆಸಿ ಮತ್ತೆ ಎಳೆಯುತ್ತಿದ್ದಳು. ಆ ಹೊತ್ತು ಅವಳ ಉಸಿರು ನೆಟ್ಟಗಿರುತ್ತಿತ್ತು. ಅವಳಿಗೆ ಅದಕ್ಕೆ ಹೆಸರು ಗೊತ್ತಿರಲಿಲ್ಲ, ಅಷ್ಟೇ. ನಿನ್ನ ಅಪಾರ್ಟ್‌ಮೆಂಟಿನಲ್ಲಿ ಅಂಗಳವಿಲ್ಲ, ಆದರೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ತಟ್ಟೆಯಲ್ಲಿ ಅಕ್ಕಿಹಿಟ್ಟು ಹರಡಿಕೊಂಡರೂ ಆದೀತು. ಸಂಜೆಗೆ ಅಳಿಸಿಬಿಡು. ಉಳಿಸಿಕೊಳ್ಳಬೇಕಾಗಿಲ್ಲ ಅನ್ನುವುದೇ ಅದರ ಸುಖ.

ಹೊಲಿಗೆ ಕಲಿಯುತ್ತೇನೆ, ಕಸೂತಿ ಹೇಳಿಕೊಡು ಎಂದೆಯಲ್ಲ? ಕಸೂತಿ ಬೇಡ, ಕೌದಿ ಹೊಲಿ.

ಯಾಕೆ ಅನ್ನುತ್ತೀಯಾ? ಕಸೂತಿಗೆ ಎಳೆ ಎಣಿಸಬೇಕು. ಗಂಟು ಕಾಣಬಾರದು, ಗವಂತಿ ಹೊಲಿಗೆ ಹಾಕಿದರೆ ಮುಂದೂ ಹಿಂದೂ ಒಂದೇ ಥರ ಇರಬೇಕು. ಒಂದು ಎಳೆ ತಪ್ಪಿದರೆ ಗೋಪುರ ಸೊಟ್ಟ. ಚಂದದ ವಿದ್ಯೆ, ಆದರೆ ನಿನಗೆ ಈಗ ಬೇಡದ ವಿದ್ಯೆ. ನೂರಕ್ಕೆ 98 ತಂದರೆ ಉಳಿದ ಎರಡು ಎಲ್ಲಿ ಎಂದು ಕೇಳಿಸಿಕೊಂಡು ಬೆಳೆದವಳು ನೀನು. ಕೈಯಲ್ಲಿ ಸೂಜಿ ಹಿಡಿದರೂ ನಿನ್ನನ್ನು ನೀನೇ ಪರೀಕ್ಷೆಗೆ ಕೂರಿಸುತ್ತೀ. ಕೌದಿಗೆ ಆ ಹಟವಿಲ್ಲ. ಹರಿದ ಸೀರೆ, ಮಾಸಿದ ಅಂಗಿ, ಯಾವುದಾದರೂ ನಡೆಯುತ್ತದೆ. ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಶುರು ಮಾಡಿ, ಸೂಜಿ ಮೇಲೊಮ್ಮೆ ಕೆಳಗೊಮ್ಮೆ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು. ಹೊಲಿಗೆ ವಂಕಾದರೆ ವಂಕಾಗಲಿ. ಹರಿದ ಕಡೆ ಇನ್ನೊಂದು ತ್ಯಾಪಿ ಹಚ್ಚಿದರಾಯಿತು, ಆ ತ್ಯಾಪಿಯೇ ಮುಂದೆ ಅದರ ಗುರುತಾಗುತ್ತದೆ. ಬೆನ್ನು ನೋಯುವ ಮೊದಲು ಎದ್ದುಬಿಡು. ಒಂದು ದಿನಕ್ಕೆ ಒಂದು ಗೇಣು ಸಾಕು.

ಒಬ್ಬಳೇ ಕೂತು ಹೊಲಿಯಬೇಡ ಎಂದೂ ಹೇಳಬೇಕು. ಆ ಅಣಬೆ ಬಂದ ಊರಿನ ಕತೆ ನೀನೂ ಓದಿರಬೇಕು. ಮೆಕ್ಸಿಕೋದ ವಾಹಾಕ ಪ್ರಾಂತದ ಬೆಟ್ಟದೂರು ವಾಟ್ಲದಲ್ಲಿ ಮರಿಯಾ ಸಬೀನಾ ಎಂಬ ಮಜಟೆಕ್ ಹೆಂಗಸು ರಾತ್ರಿಯಿಡೀ ಹಾಡುತ್ತ, ಪ್ರಾರ್ಥಿಸುತ್ತ, ರೋಗಿಯ ಮನೆಯವರನ್ನೂ ಕೂರಿಸಿಕೊಂಡು ಅಣಬೆಯ ಜಾಗರಣೆ ಮಾಡುತ್ತಿದ್ದಳು. 1955ರಲ್ಲಿ ಗಾರ್ಡನ್ ವಾಸನ್ ಎಂಬ ನ್ಯೂಯಾರ್ಕಿನ ಬ್ಯಾಂಕಿನವನು ಅಲ್ಲಿ ಕೂತು ಬಂದ. 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಬರೆದ. ಆಮೇಲೆ ಹೊರಗಿನವರು ತಂಡ ತಂಡವಾಗಿ ಆ ಊರಿಗೆ ನುಗ್ಗಿದರು, ಪೊಲೀಸರು ಬಂದರು, ಊರವರ ಸಿಟ್ಟು ಆಕೆಯ ಮೇಲೆ ತಿರುಗಿತು, ಆಕೆಯ ಮನೆ ಸುಟ್ಟುಹೋಯಿತು. ಬಂದವರಲ್ಲಿ ಹೆಚ್ಚಿನವರು ಅಣಬೆಯನ್ನಷ್ಟೇ ಒಯ್ದರು. ಹಾಡು, ನೆರೆಹೊರೆ, ರಾತ್ರಿಯಿಡೀ ಪಕ್ಕದಲ್ಲಿ ಎಚ್ಚರಿದ್ದ ಮುದುಕಿ ಅಲ್ಲೇ ಉಳಿದರು. ನೀನು ಹಾಗೆ ಮಾಡಿಕೊಳ್ಳಬೇಡ. ಅಲ್ಲಿ ನಿನ್ನ ಹಾಗೇ ಇರುವ ಒಬ್ಬಿಬ್ಬರನ್ನು ಸೇರಿಸಿಕೋ, ಭಾನುವಾರ ಮಧ್ಯಾಹ್ನ ಕೂತು ಹೊಲಿಯಿರಿ. ಗಾಯದ ಮಾತು ಆಡಲೇಬೇಕು ಎಂದಿಲ್ಲ. ಉಪ್ಪಿನಕಾಯಿಯ ಮಾತಾಡಿದರೂ ಸಾಕು. ಟ್ರಾಮಾ ಬಲ್ಲ ಆಪ್ತಸಮಾಲೋಚಕರನ್ನು ಬೇರೆಯಾಗಿ ನೋಡುತ್ತಿರು. ಕೇಂದ್ರದಲ್ಲಿ ಪಕ್ಕ ಕೂತವರು ಚಿಕಿತ್ಸಕರೇ ಆಗಿರಬೇಕೆಂದಿಲ್ಲ. ಮತ್ತೆ ಎಂದಾದರೂ ಅಂಥ ಕಡೆ ಮಲಗುವುದಾದರೆ, ಯಾರು ಎಲ್ಲಿ ಮುಟ್ಟಬಹುದು, ಎಲ್ಲಿ ಮುಟ್ಟಬಾರದು ಎಂಬುದನ್ನು ಎಚ್ಚರಿದ್ದಾಗಲೇ ಮಾತಾಡಿಕೊಂಡಿರು. ಆ ಹೊತ್ತಿನಲ್ಲಿ ಮನುಷ್ಯ ಹಸಿಮಣ್ಣಿನ ಹಾಗೆ, ಯಾರ ಬೆರಳೊತ್ತಿದರೂ ಗುರುತು ನಿಲ್ಲುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ನಿನ್ನ ಮೇಲೆ ನೀನು ಕರುಣೆ ಇಟ್ಟುಕೊಳ್ಳುವುದು.

ನಮ್ಮಲ್ಲಿ ಪರರಿಗೆ "ಅಯ್ಯೋ ಪಾಪ" ಸಲೀಸಾಗಿ ಬರುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವಳು ಎರಡು ಮಾತು ಹೇಳಿಕೊಂಡು ಅತ್ತರೆ ಸೆರಗಿನಿಂದ ಅವಳ ಕಣ್ಣು ಒರೆಸುತ್ತೇವೆ. ನಮಗೆ ನಾವು ಹೇಳಿಕೊಳ್ಳುವುದು ಮಾತ್ರ "ನಿನಗ ಬೇಕಾಗಿತ್ತು, ಉಣ್ಣು" ಎಂದು. ಟೆಕ್ಸಾಸಿನ ಕ್ರಿಸ್ಟಿನ್ ನೆಫ್ ಎಂಬ ಪ್ರಾಧ್ಯಾಪಕಿ ಎರಡು ದಶಕಗಳಿಂದ ಇದನ್ನೇ ಅಧ್ಯಯನ ಮಾಡಿದ್ದಾಳೆ. ಅವಳು ಹೇಳುವುದು ಮೂರು ಸಂಗತಿ: ನೋವನ್ನು ಹಿಗ್ಗಿಸದೆ ಕುಗ್ಗಿಸದೆ ನೋವು ಎಂದೇ ನೋಡುವುದು, ಇದು ನನ್ನೊಬ್ಬಳ ಹಣೆಬರಹವಲ್ಲ ಎಂದು ತಿಳಿಯುವುದು, ತನ್ನೊಂದಿಗೆ ಮೆತ್ತಗೆ ಮಾತಾಡುವುದು.

ವಾರ್ಡಿನ ಭಾಷೆಯಲ್ಲಿ ಇದನ್ನು ಹೀಗೆ ಮಾಡು. ರಾತ್ರಿ ಪಾಳಿಯಲ್ಲಿ ರೋಗಿ ಬೆಚ್ಚಿ ಎದ್ದರೆ ನಾವು ಮೊದಲು ದೊಡ್ಡ ದೀಪ ಹಾಕುತ್ತಿರಲಿಲ್ಲ, ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತು "ಹೆದರಿಕಿ ಆತೇನವ್ವಾ? ನಾ ಇಲ್ಲೇ ಅದೀನಿ. ಇದು ವಾರ್ಡು. ಈಗ ಮೂರು ಗಂಟಿ" ಎನ್ನುತ್ತಿದ್ದೆವು. ಗ್ಯಾರೇಜು ಸದ್ದಾದ ರಾತ್ರಿ ನೀನೂ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಅಷ್ಟೇ ಹೇಳಿಕೋ. ಹೆದರಿಕೆಯಾಗಿದೆ. ಇದು ಹಿಲ್ಸ್‌ಬರೋ, ಅದು ಪಕ್ಕದವರ ಗ್ಯಾರೇಜು. ಈ ಹೊತ್ತಿನಲ್ಲಿ ಸದ್ದಿಗೆ ಬೆಚ್ಚಿ ಎದ್ದು ಕೂತವರು ಲೋಕದಲ್ಲಿ ನಾನೊಬ್ಬಳೇ ಅಲ್ಲ. ನಾ ಇಲ್ಲೇ ಅದೀನಿ. ಇಷ್ಟು ಸಾಕು. ತತ್ವ ಬೇಡ.

ಒಂದು ಎಚ್ಚರ. ಕರುಣೆ ಶುರುವಾದ ಹೊಸದರಲ್ಲಿ ನೋವು ಹೆಚ್ಚಿದ ಹಾಗೆ ಕಾಣುತ್ತದೆ. ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ತಾಗಿದಂತೆ, ಎಂದೂ ಸಿಗದ ಮೆತ್ತನೆಯ ಮಾತು ಈಗ ಸಿಕ್ಕಾಗ, ಸಿಗದೇ ಹೋದದ್ದೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತದೆ. ನಾನು ಕೆಡುತ್ತಿದ್ದೇನೆ ಎಂದು ಗಾಬರಿಯಾಗಬೇಡ. ಅಂದಿಗೆ ಕಣ್ಣು ಮುಚ್ಚಿ ಕೂರುವುದನ್ನು ಬಿಡು. ತಣ್ಣೀರಲ್ಲಿ ಮುಖ ತೊಳೆ, ಬರಿಗಾಲಲ್ಲಿ ನೆಲ ತುಳಿ, ಎದುರಿಗಿರುವ ಐದು ವಸ್ತುಗಳ ಹೆಸರು ಗಟ್ಟಿಯಾಗಿ ಹೇಳು, ಅಕ್ಕಿ ಆರಿಸು. ಗಾಯವನ್ನು ದಿನಾ ಬಿಚ್ಚಿ ನೋಡುವುದು ಡ್ರೆಸ್ಸಿಂಗ್ ಅಲ್ಲ ಎಂದು ನಮ್ಮ ಹಿರಿಯ ಸಿಸ್ಟರ್ ಒಬ್ಬರು ಬೈಯುತ್ತಿದ್ದರು.

ಎರಡು ಮೂರು ರಾತ್ರಿ ನಿದ್ದೆಯೇ ಬಾರದಿದ್ದರೆ, ಯಾರೂ ಇಲ್ಲದ ಕಡೆ ದನಿ ಕೇಳಿದರೆ, ಬದುಕೇ ಬೇಡ ಅನ್ನಿಸಿದರೆ ಮಾತ್ರ ರಂಗೋಲಿ, ಕೌದಿ ಎಲ್ಲ ಬದಿಗಿಡು. ಅದು ವೈದ್ಯರ ಕೆಲಸ. ಅಲ್ಲಿ 988ಕ್ಕೆ ಫೋನು ಮಾಡು. ಇಲ್ಲಿ ಇದ್ದವರಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಇಲ್ಲಿ ಎಂದಾಗ ನೆನಪಾಯಿತು. ನಿನ್ನ ಕತೆಯ ವಾಸನೆ ಬಡಿದು ನಿನ್ನ ತಮ್ಮ, ಗೆಳೆಯರ ಜೊತೆ ಕೊಡೈಕನಾಲಿಗೆ ಅಣಬೆ ಹುಡುಕಿಕೊಂಡು ಹೋಗುವ ಮಾತಾಡುತ್ತಿದ್ದ. ಕೂರಿಸಿ ಬುದ್ಧಿ ಹೇಳಿದ್ದೇನೆ. ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಇಂಥವು ಅಪರಾಧ. ಜೈಲು ಒಂದು ಕಡೆ ಇರಲಿ, ಕಾಡಿನಿಂದ ಕಿತ್ತ ಅಣಬೆ ಯಾವುದು, ಎಷ್ಟು, ವಿಷದ್ದೋ ಹೇಗೆ ಎಂದು ಹೇಳುವವರು ಯಾರು? ಕಂಬಳಿ ಹೊದಿಸಿ ಪಕ್ಕದಲ್ಲಿ ಕೂರುವವರು ಯಾರು? "ಅಕ್ಕ ಹೋಗಿಲ್ಲೇನು?" ಎಂದ. ಅಕ್ಕ ಹೋದದ್ದು ಗಾಯಕ್ಕೆ, ನೀನು ಹೊರಟದ್ದು ಮೋಜಿಗೆ ಎಂದೆ. ಮುಖ ಊದಿಸಿಕೊಂಡು ಹೋಗಿದ್ದಾನೆ. ನೀನೂ ಒಂದು ಮಾತು ಹೇಳು.

ಈಗ ನನ್ನದು.

ಆ ರಾತ್ರಿ ದಸರೆಯ ಸೂಟಿಗೆ ನಾನು ನಿಮ್ಮ ಮನೆಗೆ ಬಂದಿದ್ದೆ. ನೀನು ನನ್ನ ಮಗ್ಗುಲಲ್ಲಿ ಮಲಗಿದ್ದೆ. ಸ್ಕೂಟರಿನ ಸ್ಟ್ಯಾಂಡ್ ಬಿತ್ತು. ನಡುಮನೆಯಲ್ಲಿ ಪಾತ್ರೆ ಉರುಳಿತು, ಅಕ್ಕನ ದನಿ ಕೇಳಿತು, ಆಮೇಲೆ ಅದೂ ನಿಂತಿತು. ನಾನು ಎದ್ದು ಹೋಗಲಿಲ್ಲ. ಕೌದಿಯನ್ನು ನಿನ್ನ ತಲೆಯ ಮೇಲೆಳೆದು, ಅದರ ಮೇಲಿಂದ ನಿನ್ನ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿದೆ. ನನಗೆ ಆಗ 38, ನಿನ್ನ ಈಗಿನ ವಯಸ್ಸಿಗಿಂತ ಎರಡೇ ವರ್ಷ ಜಾಸ್ತಿ. 12 ವರ್ಷ ನರ್ಸಿಂಗ್ ಮಾಡಿದವಳು, ರೊಚ್ಚಿಗೆದ್ದ ಗಂಡಸರನ್ನು ವಾರ್ಡಿನಲ್ಲಿ ಹಿಡಿದು ಕೂರಿಸಿದವಳು. ಅಕ್ಕನ ನಡುಮನೆಯ ಬಾಗಿಲು ದಾಟಿ ಹೋಗುವ ಧೈರ್ಯ ಬರಲಿಲ್ಲ. ಬೆಳಗ್ಗೆ ಅಕ್ಕನಿಗೆ "ಹೊಂದಿಕೊಂಡು ಹೋಗು" ಎಂದು ಹೇಳಿ ಬಸ್ಸು ಹತ್ತಿದೆ.

30 ವರ್ಷ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ನಿನ್ನ ಫೋನು ಬಂದ ರಾತ್ರಿ ನಾನು ಯಾವ ಅಣಬೆಯನ್ನೂ ತಿನ್ನದೆ ಅದನ್ನೆಲ್ಲ ಮತ್ತೆ ಕಂಡೆ. ಎದೆಯ ಮೇಲೆ ಕೈ ಇಟ್ಟುಕೊಳ್ಳಲು ಹೋದರೆ ಕೈ ಬರಲಿಲ್ಲ. "ನಿನಗ ಬೇಕಾಗಿತ್ತು" ಅನ್ನುವುದೇ ಬಾಯಿಗೆ ಬಂತು. ನಿನಗೆ ಉಪದೇಶ ಬರೆಯಲು ಕೂತವಳ ಪಾಡು ಇದು. ಮರುದಿನ ಕೌದಿ ಬಿಸಿಲಿಗೆ ಹಾಕಿ, ಅದರ ಪಕ್ಕ ಕೂತು, ಇಲಿ ಕಡಿದ ಕಡೆ ಬೆರಳಾಡಿಸುತ್ತಿದ್ದಾಗ ಒಂದು ಹೊಳೆಯಿತು. ಇದರ ಮೇಲಿನೆರಡು ಪದರ ನಮ್ಮವ್ವನ ಸೀರೆ. ಅವಳು ಹೋದ ವರ್ಷ ಅಕ್ಕ ತಾನೇ ಕೂತು ಹೊಲಿದದ್ದು. ನೀನು ಕಂಡದ್ದು ಪೂರಾ ಇಲ್ಲದ್ದೇನಲ್ಲ. ಆಯಿ ಬಾಗಿಲಲ್ಲಿ ನಿಂತಿರಲಿಲ್ಲ, ನಿನ್ನ ಮೈಮೇಲಿದ್ದಳು. ಆ ಎರಡು ಅಂಗೈ ನನ್ನವು. ಅಷ್ಟು ಮಾಡಿದೆ. ಅದಕ್ಕಿಂತ ಹೆಚ್ಚು ಮಾಡಬೇಕಿತ್ತು. ಎರಡೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಅಳುವುದಕ್ಕೆ ಬಂತು, ಅಂದು ಸಂಜೆ ಮೊದಲ ಸಲ.

ಕ್ಷಮಿಸು ಎಂದು ಕಾಗದದಲ್ಲಿ ಕೇಳುವುದಿಲ್ಲ. ಡಿಸೆಂಬರಿನಲ್ಲಿ ಬರುತ್ತೀಯಲ್ಲ, ಎದುರಿಗೇ ಕೇಳುತ್ತೇನೆ. ಉತ್ತರ ಕೂಡಲೆ ಕೊಡಬೇಕಾಗಿಲ್ಲ.

ಕೌದಿಯನ್ನು ಕೊರಿಯರ್ ಮಾಡು ಎಂದೆ. ಮಾಡುವುದಿಲ್ಲ. ಕಡಿದ ಮೂಲೆಯನ್ನು ಹಾಗೇ ಬಿಟ್ಟಿದ್ದೇನೆ. ತ್ಯಾಪಿ ಹಚ್ಚಲು ನಿನ್ನದೇ ಒಂದು ಹಳೇ ಕುರ್ತಾ ತಾ, ಹರಿದದ್ದಾದರೂ ನಡೆಯುತ್ತದೆ. ಸೂಜಿ ದಾರ ಇಲ್ಲಿ ಐತಿ.

ನಿನ್ನ ಚಿಗವ್ವ